ದೊರೆಗೇಟಿನ ಕಲ್ಲು

ನಮ್ಮೂರ ಬಸ್ ಸ್ಟಾಪಿಗೆ ದೊರೆಗೇಟು ಅಂತ ಹೆಸರು. ಕಂಡಕ್ಟರ್ ಕೂಗುವುದೂ ಹಾಗೇ, ನಾವು ಟಿಕೆಟ್ ಕೇಳುವುದೂ ಹಾಗೇ. ಗೇಟು ನಾನು ಹುಟ್ಟುವ ಮೊದಲೇ ಹೋಗಿತ್ತು. ಅದನ್ನು ಹಿಡಿದಿದ್ದ ಎರಡು ಕಲ್ಲುಕಂಬ ಮಾತ್ರ ಉಳಿದಿದ್ದವು. ಮಳೆಗಾಲದಲ್ಲಿ ಅವುಗಳ ಮೈಮೇಲೆ ಹಸಿರು ಪಾಚಿ, ಬೇಸಿಗೆಯಲ್ಲಿ ಅದೇ ಪಾಚಿ ಒಣಗಿ ಕರಿ ಹಕ್ಕಳೆ. ರಸ್ತೆ ಅಗಲ ಮಾಡುವವರು ಬಂದರು, ಒಂದು ಬೆಳಗ್ಗೆ ಯಂತ್ರದ ಕೈ ಎರಡನ್ನೂ ಕೆಡವಿತು. ನಾನು ಹಾಲು ತರಲು ಹೋದವಳು ನೋಡುತ್ತಾ ನಿಂತೆ. ಸಂಜೆ ಹೊತ್ತಿಗೆ ಕಂಬದ ತುಂಡುಗಳು ಮೋರಿಯ ತಳಕ್ಕೆ ಬಿದ್ದು ಮೇಲೆ ಕಾಂಕ್ರೀಟ್ ಸುರಿದಾಗಿತ್ತು.

ಆಮೇಲೆ ಒಂದು ವಾರ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಆ ಗೇಟಿನ ಒಳಗಿನ, ಒಮ್ಮೆ ಇಂಗ್ಲಿಷ್ ದೊರೆಗಳದಾಗಿದ್ದ ಕಾಫಿ ತೋಟದಲ್ಲಿ ನನ್ನ ತಂದೆ ರೈಟರ್ ಆಗಿದ್ದರು. ಮಲೆನಾಡಿನ ಕಾಫಿ ತೋಟ ಗೊತ್ತಿದ್ದವರಿಗೆ ಈ ಮಾತು ಸಾಕು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ರೈಟರ್ ಎಂದರೆ ಹಾಜರಿ ಬರೆಯುವವನು, ಬಟವಾಡೆ ಮಾಡುವವನು, ಮೇಲೆ ಬಂಗಲೆಗೂ ಕೆಳಗೆ ಕೂಲಿಯವರ ಲೈನ್ ಮನೆಗಳಿಗೂ ನಡುವೆ ಓಡಾಡುವವನು. ನಮ್ಮ ಕ್ವಾರ್ಟರ್ಸ್ ಕೂಡ ಹಾಗೆ, ಬಂಗಲೆಗೆ ಹೋಗುವ ದಾರಿಗೂ ಲೈನಿಗೆ ಇಳಿಯುವ ದಾರಿಗೂ ಮಧ್ಯೆ. ನಾನು ಬೆಳೆದದ್ದು ಅಲ್ಲಿ. ಮೂವತ್ತು ವರ್ಷ ಸರ್ಕಾರಿ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತಳಾಗಿ ಮತ್ತೆ ಇದೇ ಊರಿಗೆ ಬಂದೆ. ಕಂಬ ಬಿದ್ದ ಜಾಗದಲ್ಲಿ ಏನಾದರೂ ನಿಲ್ಲಬೇಕು, ಇಲ್ಲಿ ಏನಿತ್ತು ಎಂದು ನಾಲ್ಕು ಸಾಲು ಹೇಳಬೇಕು ಅನ್ನಿಸಿತು. ಒಂದು ತಿಂಗಳ ಕೆಲಸ ಎಂದುಕೊಂಡಿದ್ದೆ. ಹಿಡಿದದ್ದು ಎರಡು ವರ್ಷ.

ಮೊದಲು ಎದುರಾದದ್ದು ಇಸವಿ. ಯಾವ ವರ್ಷದ ತೋಟ ಇದು? ಪೇಟೆಯಲ್ಲಿ ಕೇಳಿದರೆ ಒಬ್ಬೊಬ್ಬರದು ಒಂದೊಂದು ಲೆಕ್ಕ. ಇನ್ನೂರು ವರ್ಷ ಅಂದವರಿದ್ದಾರೆ. ಬಾಬಾಬುಡನ್ ತಂದ ಏಳು ಬೀಜದಲ್ಲಿ ಒಂದು ಇಲ್ಲೇ ಬಿತ್ತು ಅಂದವರೂ ಇದ್ದಾರೆ. ಹದಿನೇಳನೆಯ ಶತಮಾನದಲ್ಲಿ ಆ ಸಂತರು ಯೆಮನ್‌ನಿಂದ ಬೀಜ ತಂದು ಚಂದ್ರದ್ರೋಣದ ಬೆಟ್ಟದಲ್ಲಿ, ಅಂದರೆ ಈಗಿನ ಬಾಬಾಬುಡನ್ ಗಿರಿಯಲ್ಲಿ, ಬಿತ್ತಿದರೆಂಬುದು ನಮ್ಮ ಜಿಲ್ಲೆಯ ಮಕ್ಕಳೆಲ್ಲ ಕೇಳಿ ಬೆಳೆದ ಕಥೆ. ಆದರೆ ಆ ಕಾಫಿ ಬಹುಕಾಲ ಹಿತ್ತಿಲ ಬೆಳೆಯಾಗಿಯೇ ಇತ್ತು. ಬೆಟ್ಟದ ತಪ್ಪಲಿನ ರೈತರು ಮನೆ ಹಿಂದೆ ನಾಲ್ಕು ಗಿಡ ಇಟ್ಟುಕೊಂಡಿದ್ದರು, ಅಷ್ಟೆ. ಗುಡ್ಡಕ್ಕೆ ಗುಡ್ಡವೇ ಕಾಫಿಯಾದದ್ದು ಯುರೋಪಿನವರು ಬಂದ ಮೇಲೆ. ಕ್ಯಾನನ್ ಎಂಬ ದೊರೆ ಬಾಬಾಬುಡನ್ ಗಿರಿಯ ದಕ್ಷಿಣದ ಎತ್ತರದಲ್ಲಿ ತೋಟ ಹಾಕಿದ್ದು ಸುಮಾರು 1840ರಲ್ಲಿ. ಅದು ಕೈಹಿಡಿದದ್ದನ್ನು ನೋಡಿ ಗ್ರೀನ್ ಎಂಬವರು 1843ರಲ್ಲಿ ಮಂಜರಾಬಾದಿನ, ಅಂದರೆ ಈಗಿನ ಸಕಲೇಶಪುರದ ಕಡೆಯ, ಐಗೂರಿನ ಹತ್ತಿರ ಶುರು ಮಾಡಿದರು. 1831ರಿಂದ 1881ರವರೆಗೆ ಮೈಸೂರು ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತಲ್ಲ, ಆ ಐವತ್ತು ವರ್ಷದಲ್ಲೇ ನಮ್ಮ ಕಡೆಯ ಹೆಚ್ಚಿನ ದೊರೆ ತೋಟಗಳು ಎದ್ದವು. ಕಾಫಿಯ ಮೇಲಿನ ತೆರಿಗೆಯನ್ನು ಆಗ ಎಕರೆಗೆ ಇಷ್ಟು ಅಂತ ಹಾಕುತ್ತಿರಲಿಲ್ಲ, ಬೆಳೆದ ಕಾಫಿಗೆ ಮಣಕ್ಕೆ ಇಷ್ಟು ಅಂತ ಹಾಕುತ್ತಿದ್ದರು. ಅದಕ್ಕೆ ಹಲತ್ ಎಂದು ಹೆಸರು. ಕಾಡು ಹಿಡಿದವನಿಗೆ ಗಿಡ ಫಸಲಿಗೆ ಬರುವ ತನಕ ತೆರಿಗೆಯ ಚಿಂತೆ ಇರಲಿಲ್ಲ.

ಇಷ್ಟು ಸಾಮಾನ್ಯ ಇತಿಹಾಸ ಪುಸ್ತಕಗಳಲ್ಲಿ ಸಿಗುತ್ತದೆ. ನಮ್ಮ ತೋಟದ ಹೆಸರು ಹುಡುಕುವುದೇ ಕಷ್ಟ. ಎಷ್ಟೋ ದಿನ ನಾನು ಹಳೆಯ ದಾಖಲೆಗಳ ಪಟ್ಟಿಯಲ್ಲಿ ಚಿಕ್ಕಮಗಳೂರು ಜಿಲ್ಲೆ ಎಂದು ಹುಡುಕಿ ಬರಿಗೈಲಿ ಎದ್ದೆ. ಸ್ವಾತಂತ್ರ್ಯ ಬರುವವರೆಗೂ ನಮ್ಮದು ಕಡೂರು ಜಿಲ್ಲೆ ಎಂಬುದು ಒಬ್ಬ ಹಳೆಯ ಶಿರಸ್ತೇದಾರರು ನೆನಪು ಮಾಡಿದ ಮೇಲೆ ಹೊಳೆಯಿತು. ಕಡೂರು ಎಂದು ಹುಡುಕಿದ್ದೇ ತಡ, ಬಾಗಿಲು ತೆರೆದ ಹಾಗಾಯಿತು. ಆ ಕಾಲದಲ್ಲಿ ಕಲ್ಕತ್ತೆಯಿಂದ ಪ್ರತಿ ವರ್ಷ ದಪ್ಪ ಡೈರೆಕ್ಟರಿಗಳು ಬರುತ್ತಿದ್ದವು. ಯಾವ ಜಿಲ್ಲೆಯಲ್ಲಿ ಯಾವ ತೋಟ, ಯಾರ ಒಡೆತನ, ಯಾರು ಮ್ಯಾನೇಜರ್ ಎಂದು ಸಣ್ಣ ಅಕ್ಷರದಲ್ಲಿ ಸಾಲುಸಾಲು. ಅವುಗಳ ಸ್ಕ್ಯಾನ್ ಮಾಡಿದ ಪ್ರತಿಗಳು ಇಂಟರ್ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ನಮ್ಮೂರ ಹೆಸರು ಇಂಗ್ಲಿಷಿನವರ ಕಿವಿಗೆ ಹೇಗೆ ಕೇಳಿಸಿತೋ ಹಾಗೆ ಬರೆದಿದ್ದರು. ಬಾಯಿಬಿಟ್ಟು ಓದಿದ ಮೇಲೇ ಗುರುತು ಹತ್ತಿದ್ದು.

ಡೈರೆಕ್ಟರಿ ತೋಟ ಇತ್ತು ಎಂದು ಹೇಳುತ್ತದೆ, ಯಾವಾಗ ಶುರುವಾಯಿತು ಎಂದು ಹೇಳುವುದಿಲ್ಲ. ಕೈಗೆ ಸಿಕ್ಕಿದ ಗಟ್ಟಿ ಸಾಕ್ಷಿ ಒಂದೇ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರವಿದ್ದ ಪಲ್ಪರ್ ಮನೆಯ ಬಾಗಿಲ ಮೇಲಿನ ಕಲ್ಲಿನಲ್ಲಿ ಕೆತ್ತಿದ 1868. ಆದರೆ ಅದು ಪಲ್ಪರ್ ಮನೆ ಕಟ್ಟಿದ ವರ್ಷ. ಪಲ್ಪರ್ ಬೇಕಾಗುವುದು ಹಣ್ಣು ಬಂದ ಮೇಲೆ. ಹಣ್ಣು ಬರಬೇಕಾದರೆ ಗಿಡಕ್ಕೆ ಮೂರು ನಾಲ್ಕು ವರ್ಷ, ಅದಕ್ಕೂ ಹಿಂದೆ ಕಾಡು ಕಡಿಯಲು ಒಂದೆರಡು ಬೇಸಿಗೆ. ಹಾಗಾದರೆ 1860ರ ಆಸುಪಾಸು ಅಂತ ಊಹಿಸಬಹುದಿತ್ತು. ಕಲ್ಲಿನ ಮೇಲೆ ಊಹೆ ಬರೆಯುವುದಕ್ಕೆ ನನಗೆ ಮನಸ್ಸಾಗಲಿಲ್ಲ. ಕಾಗದದಲ್ಲಿ ತಪ್ಪಾದರೆ ಮುಂದಿನ ಮುದ್ರಣದಲ್ಲಿ ತಿದ್ದಬಹುದು. ರಸ್ತೆ ಬದಿಯ ಕಲ್ಲಿನಲ್ಲಿ ತಪ್ಪಾದರೆ ಊರಿನ ಮಕ್ಕಳು ಅದನ್ನೇ ಬಾಯಿಪಾಠ ಮಾಡುತ್ತಾರೆ. ‘1868 ಎಂದು ಕೆತ್ತಿದೆ’ ಎಂದು ಮಾತ್ರ ಬರೆಯುವುದು, ‘1868ರಲ್ಲಿ ಸ್ಥಾಪನೆ’ ಎಂದು ಬರೆಯಬಾರದು ಎಂದು ಅಂದೇ ತೀರ್ಮಾನ ಮಾಡಿದೆ.

ಬಂಗಲೆಯ ಹಿಂದೆ ಸಂಪಿಗೆ ಮರದ ಬುಡದಲ್ಲಿ ಒಂದು ಸಮಾಧಿ ಇದೆ. ಚಿಕ್ಕವಳಿದ್ದಾಗ ನಾವು ಅದರ ಮೇಲೆ ಕೂತು ನೆಲ್ಲಿಕಾಯಿ ತಿನ್ನುತ್ತಿದ್ದೆವು. ಮೇಲೆ ಏನೋ ಬರೆದಿದೆ ಎಂದು ಗೊತ್ತಿತ್ತು, ಏನೆಂದು ಯಾರೂ ಓದಿರಲಿಲ್ಲ. ಕಲ್ಲುಹೂವು ಬೆಳೆದು ಅಕ್ಷರದ ಗುಳಿಗಳೆಲ್ಲ ಮುಚ್ಚಿದ್ದವು. ಜೊತೆಗಿದ್ದ ಹುಡುಗ ತಂತಿ ಬ್ರಷ್ ತಂದಿದ್ದ. ಬೇಡ ಎಂದು ತಡೆದೆ. ಶಾಸನ ಓದುವವರ ಜೊತೆ ಒಂದೆರಡು ಸಲ ಊರೂರು ತಿರುಗಿದ್ದರಿಂದ ಇಷ್ಟು ಗೊತ್ತಿತ್ತು: ತಂತಿ ತಾಗಿದರೆ ಕಲ್ಲುಹೂವಿನ ಜೊತೆ ಅಕ್ಷರದ ಅಂಚೂ ಹೋಗುತ್ತದೆ. ಬರೀ ನೀರು ಹಾಕಿ ನೆನೆಯಲು ಬಿಟ್ಟು ತೆಂಗಿನ ನಾರಿನಿಂದ ಮೆಲ್ಲಗೆ ಉಜ್ಜಿದೆವು. ಹಗಲು ಏನೂ ಕಾಣಲಿಲ್ಲ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ಬೆಳಕು ಬಿಟ್ಟೆವು. ಗುಳಿಗಳಲ್ಲಿ ನೆರಳು ತುಂಬಿತು, ಒಂದೊಂದೇ ಅಕ್ಷರ ಎದ್ದು ಬಂತು. ಅದು ಹನ್ನೊಂದು ತಿಂಗಳ ಮಗುವಿನ ಸಮಾಧಿ. ಜ್ವರ ಎಂದಿತ್ತು. ಮಗುವಿನ ಹೆಸರಿನ ಕೆಳಗೆ ತಂದೆತಾಯಿಯ ಹೆಸರು, ಅದರ ಕೆಳಗೆ ಬೈಬಲ್ಲಿನ ಒಂದು ಸಾಲು. ಅರ್ಧ ಶತಮಾನದ ಹಿಂದೆ ಅದೇ ಕಲ್ಲಿನ ಮೇಲೆ ಕೂತು ನೆಲ್ಲಿಕಾಯಿ ಬೀಜ ಉಗುಳಿದ್ದು ನೆನಪಾಗಿ ನಾನು ಸ್ವಲ್ಪ ಹೊತ್ತು ಅಲ್ಲೇ ಕೂತುಬಿಟ್ಟೆ.

ದೊರೆಗಳ ಮೇಲೆ ನನಗೆ ದ್ವೇಷವಿಲ್ಲ. ಆ ರಾತ್ರಿಯ ನಂತರ ಅವರನ್ನು ಬರೀ ಕುದುರೆ ಮೇಲಿನ ಟೊಪ್ಪಿಯವರೆಂದು ಯೋಚಿಸುವುದಕ್ಕೂ ಆಗಲಿಲ್ಲ. ಮಲೆನಾಡಿನ ಚಳಿಜ್ವರ ಬಂಗಲೆ ಲೈನು ಎಂದು ನೋಡುತ್ತಿರಲಿಲ್ಲ. ಆದರೆ ಬಂಗಲೆಯ ಸಾವಿಗೆ ಕಲ್ಲು ಸಿಕ್ಕಿತು, ಅಕ್ಷರ ಸಿಕ್ಕಿತು. ಲೈನಿನ ಸಾವುಗಳು ಎಲ್ಲಿ ಹೋದವು?

ಅದಕ್ಕೆ ಉತ್ತರ ನಮ್ಮ ಮನೆಯ ಅಟ್ಟದಲ್ಲೇ ಇತ್ತು. ತೋಟದ ಆಫೀಸಿನ ಹಳೆಯ ಪುಸ್ತಕಗಳನ್ನೆಲ್ಲ ಒಮ್ಮೆ ಬೆಂಕಿಗೆ ಹಾಕುವಾಗ ನನ್ನ ತಂದೆ ಒಂದನ್ನು ಮಾತ್ರ ಎತ್ತಿಟ್ಟುಕೊಂಡಿದ್ದರು. 1931ರ ಚೆಕ್‌ರೋಲ್, ಅಂದರೆ ಕೂಲಿಯವರ ಹಾಜರಿ ಪುಸ್ತಕ. ಅವರಿಗಿಂತ ಹಿಂದಿನ ರೈಟರ್ ಬರೆದದ್ದು, ಅಕ್ಷರ ಮುತ್ತಿನ ಹಾಗಿದೆ ಎಂಬ ಒಂದೇ ಕಾರಣಕ್ಕೆ ಉಳಿಸಿಕೊಂಡರಂತೆ. ಉದ್ದನೆಯ ಪುಸ್ತಕ, ಬೆನ್ನಿಗೆ ಕೆಂಪು ಬಟ್ಟೆ, ಬಿಚ್ಚಿದರೆ ಕರ್ಪೂರ ಮತ್ತು ಗೆದ್ದಲಿನ ವಾಸನೆ. ಎಡಕ್ಕೆ ಹೆಸರು, ಬಲಕ್ಕೆ ಒಂದರಿಂದ ಮೂವತ್ತೊಂದರವರೆಗೆ ಸಣ್ಣ ಮನೆಗಳು. ಬಂದ ದಿನಕ್ಕೆ ಒಂದು ಗೀಟು, ಅರ್ಧ ದಿನಕ್ಕೆ ½, ಬರದಿದ್ದರೆ ಸೊನ್ನೆ. ಕೊನೆಯಲ್ಲಿ ಮುಂಗಡ, ಅಕ್ಕಿ, ಕಂಬಳಿ ಕಳೆದು ಕೈಗೆ ಸಿಕ್ಕಿದ್ದು.

ಹೆಸರುಗಳನ್ನು ಮೇಲಿನಿಂದ ಓದುತ್ತಾ ಹೋದೆ. ಐತ, ತುಕ್ರ, ಅಂಗಾರ, ಬೂದ, ಅಂಗಾರ, ತನಿಯ, ಐತ, ಗುರುವ, ತೋಮ, ಅಂಗಾರ. ಮುಂದಿನ ಪುಟದಲ್ಲೂ ಅದೇ. ಇವು ತುಳುನಾಡಿನ ಹೆಸರುಗಳು. ಐತಾರ ಹುಟ್ಟಿದವನು ಐತ, ಸೋಮವಾರ ಹುಟ್ಟಿದವನು ತೋಮ, ಮಂಗಳವಾರದವನು ಅಂಗಾರ, ಬುಧವಾರಕ್ಕೆ ಬೂದ, ಗುರುವಾರಕ್ಕೆ ಗುರುವ, ಶುಕ್ರವಾರಕ್ಕೆ ತುಕ್ರ, ಶನಿವಾರಕ್ಕೆ ತನಿಯ. ಹೆಣ್ಣುಮಕ್ಕಳಿಗೂ ವಾರವೇ, ತುಕ್ರನ ಬದಲು ತುಕ್ರು ಎಂದು ಕೊನೆ ಮಾತ್ರ ಬೇರೆ. ಒಂದೇ ಪುಟದಲ್ಲಿ ಆರು ಜನ ಅಂಗಾರ ಇದ್ದರೆ ರೈಟರ್ ಏನು ಮಾಡಬೇಕು? ಹೆಸರಿನ ಮುಂದೆ ಅಂಕಿ ಹಾಕಿದ್ದರು, ಅಂಗಾರ 1, ಅಂಗಾರ 2. ಕೆಲವರಿಗೆ ಗುರುತು: ‘ಕುಂಟ’, ‘ಎತ್ತರದವ’, ‘ಮೇಸ್ತ್ರಿ ತಮ್ಮ’. ನಾನು ಕೂತು ಎಣಿಸಿದೆ. ಗಂಡು ಹೆಣ್ಣು ಮಕ್ಕಳು ಎಲ್ಲ ಸೇರಿ 214 ಹೆಸರು.

ಅಂಚಿನಲ್ಲಿ ಅಲ್ಲಲ್ಲಿ ಟಿಪ್ಪಣಿಗಳಿದ್ದವು. ‘ಜ್ವರ’ ಎಂದರೆ ಕಪ್ಪು ಶಾಯಿ. ‘ತೀರಿಕೊಂಡ’ ಎಂದರೂ ಕಪ್ಪು ಶಾಯಿಯೇ, ಅಲ್ಲಿಂದ ಮುಂದಿನ ಮನೆಗಳೆಲ್ಲ ಖಾಲಿ. ‘ಓಡಿಹೋದ’ ಎಂಬುದು ಮಾತ್ರ ಕೆಂಪು ಶಾಯಿಯಲ್ಲಿ, ಪಕ್ಕದಲ್ಲಿ ಬಾಕಿ ಉಳಿದ ಮುಂಗಡದ ಮೊತ್ತ. ಮುಂಗಡ ಪಡೆದ ಕೂಲಿಯವನು ಕೆಲಸ ಬಿಟ್ಟು ಹೋದರೆ ಜೈಲಿಗೆ ಕಳಿಸಬಹುದಾದ ಒಂದು ಕಾಯ್ದೆ 1859ರಲ್ಲಿ ಬಂದಿತ್ತು. ದಕ್ಷಿಣದ ತೋಟದವರು ಅದನ್ನು ಬಹಳ ನೆಚ್ಚಿಕೊಂಡಿದ್ದರು. 1920ರ ದಶಕದಲ್ಲಿ ಅದು ರದ್ದಾಯಿತು. 1931ರಲ್ಲಿ ಆ ಕಾಯ್ದೆ ಇರಲಿಲ್ಲ, ಕೆಂಪು ಶಾಯಿ ಮಾತ್ರ ಇತ್ತು.

ಲೈನಿನಲ್ಲಿ ಈಗಲೂ ಇರುವ ಅತ್ಯಂತ ಹಿರಿಯಜ್ಜಿಯ ಹತ್ತಿರ ಪುಸ್ತಕ ತೆಗೆದುಕೊಂಡು ಹೋದೆ. ಕಣ್ಣು ಮಂಜಾಗಿದೆ, ಕಿವಿ ಚುರುಕು. ನಾನು ಹೆಸರು ಓದುತ್ತಾ ಹೋದಂತೆ ಅವರು ‘ಹೂಂ’ ‘ಹೂಂ’ ಅನ್ನುತ್ತಿದ್ದರು. ‘ಬೂದ 3, ಮೇಸ್ತ್ರಿ ತಮ್ಮ’ ಎಂದಾಗ ಕೈ ಎತ್ತಿ ನಿಲ್ಲಿಸಿದರು. ಅದು ಅವರ ಅಜ್ಜ. ಬೆಳ್ತಂಗಡಿ ಕಡೆಯಿಂದ ಚಾರ್ಮಾಡಿ ಘಟ್ಟ ನಡೆದೇ ಹತ್ತಿ ಬಂದವರು, ಕೂಲಿಯವರನ್ನು ಕರೆತರುವ ಮೇಸ್ತ್ರಿಯ ಹಿಂದೆ, ತಲೆಯ ಮೇಲೆ ಒಂದು ಮಡಕೆ ಇಟ್ಟುಕೊಂಡು. ದೇವರ ಹೆಸರಿಡುವುದಕ್ಕೆ ಘಟ್ಟದ ಕೆಳಗಿನ ಒಡೆಯರು ಬಿಡುತ್ತಿರಲಿಲ್ಲ, ಅದಕ್ಕೇ ವಾರದ ಹೆಸರು ಎಂದು ಅವರೇ ಹೇಳಿದರು. ಸತ್ತವರನ್ನು ಎಲ್ಲಿ ಹೂಳುತ್ತಿದ್ದರು ಎಂದು ಕೇಳಿದೆ. ಹಳ್ಳದ ಆಚೆ, ಸಿಲ್ವರ್ ಓಕ್ ಸಾಲು ಮುಗಿದು ಕಾನು ಶುರುವಾಗುವಲ್ಲಿ. ಮರುದಿನ ಅವರ ಮೊಮ್ಮಗ ಕರೆದುಕೊಂಡು ಹೋಗಿ ತೋರಿಸಿದ. ನೆಲ ಅಲ್ಲಲ್ಲಿ ಕುಸಿದು ತೊಟ್ಟಿಲಿನಂತೆ ತಗ್ಗಾಗಿದೆ. ಒಂದು ಕಲ್ಲೂ ಇಲ್ಲ. ತಗ್ಗುಗಳಲ್ಲಿ ಜರಿಗಿಡ ಬೆಳೆದಿದೆ.

ಇಷ್ಟಾದ ಮೇಲೆ ಬರೆಯಲು ಕೂತೆ. ಪಂಚಾಯಿತಿಯವರು, ಹಳೆ ವಿದ್ಯಾರ್ಥಿಗಳು, ತೋಟದ ಈಗಿನ ಮಾಲೀಕರು, ಲೈನಿನಿಂದ ಇಬ್ಬರು, ಎಲ್ಲ ಶಾಲೆಯಲ್ಲಿ ಸೇರಿದ್ದರು. ನನ್ನ ಮೊದಲ ಕರಡಿನಲ್ಲಿ ‘ಇಂಗ್ಲಿಷ್ ದೊರೆಗಳು ಇಲ್ಲಿ ಕಾಡು ಕಡಿದು ಕಾಫಿ ನೆಟ್ಟರು’ ಎಂಬ ಸಾಲಿತ್ತು. ಓದುತ್ತಿದ್ದಂತೆ ಹಿಂದಿನ ಬೆಂಚಿನಿಂದ ಅಜ್ಜಿಯ ಮೊಮ್ಮಗ ಎದ್ದು ನಿಂತು ಹೇಳಿದ: “ಟೀಚರ್, ದೊರೆ ನೆಟ್ಟದ್ದಲ್ಲ, ನೆಡಿಸಿದ್ದು.”

ಮೂವತ್ತು ವರ್ಷ ನಾನು ಪ್ರೇರಣಾರ್ಥಕ ಕ್ರಿಯಾಪದ ಪಾಠ ಮಾಡಿದ್ದೇನೆ. ಮಾಡು, ಮಾಡಿಸು. ಕಟ್ಟು, ಕಟ್ಟಿಸು. ಧಾತುವಿಗೆ ‘ಇಸು’ ಸೇರಿದರೆ ಮಾಡುವವನು ಬೇರೆ, ಮಾಡಿಸುವವನು ಬೇರೆ ಎಂದು ಬೋರ್ಡಿನ ಮೇಲೆ ಬರೆದು ಬರೆದು ಕೈ ಸೋತಿದೆ. ನಮ್ಮ ಹಳೆಯ ಶಾಸನಗಳೂ ಆ ಭೇದವನ್ನು ಬಿಟ್ಟುಕೊಡುವುದಿಲ್ಲ. ದೇವಾಲಯ ‘ಮಾಡಿಸಿದ’, ಕೆರೆ ‘ಕಟ್ಟಿಸಿದ’ ಎಂದೇ ಹೇಳುತ್ತವೆ. ಅರಸನೇ ಕಲ್ಲು ಹೊತ್ತ ಎಂದು ಯಾವ ಶಾಸನವೂ ಸುಳ್ಳು ಹೇಳುವುದಿಲ್ಲ. ಇಷ್ಟು ಗೊತ್ತಿದ್ದೂ ನನ್ನ ಕೈಯಿಂದಲೇ ‘ನೆಟ್ಟರು’ ಎಂದು ಬಂತು. ಪುಸ್ತಕಗಳಲ್ಲಿ ಓದಿದ ವಾಕ್ಯ ಹಾಗೇ ಇಳಿದು ಬಂದಿತ್ತು. ಅವನು ಹೇಳಿದ್ದು ಸರಿ ಎಂದು ಎಲ್ಲರೆದುರು ಒಪ್ಪಿಕೊಂಡು ಆ ಸಾಲನ್ನು ಹೊಡೆದುಹಾಕಿದೆ. ಕಲ್ಲಿನ ಬರಹ ಅಲ್ಲಿಂದ ಶುರುವಾಯಿತು.

ಬೇಲೂರು ತಾಲ್ಲೂಕಿನ ಹಲ್ಮಿಡಿ ನಮಗೆ ದೂರವಲ್ಲ. ಸುಮಾರು ಕ್ರಿ.ಶ. 450ರ ಆ ಶಾಸನ ಹದಿನಾರು ಸಾಲಿನದು. ಯುದ್ಧದಲ್ಲಿ ಪರಾಕ್ರಮ ತೋರಿದ ವಿಜ ಅರಸ ಎಂಬವನಿಗೆ ಕೊಟ್ಟ ದತ್ತಿ ಅದರಲ್ಲಿದೆ. ಅದನ್ನು ಅಳಿದವನಿಗೆ ಮಹಾಪಾತಕ ಎಂಬ ಮಾತೂ ಇದೆ. ಪ್ರತಿ ವರ್ಷ ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೆ. ಮೂಲ ಕಲ್ಲು ಊರು ಬಿಟ್ಟು ಹೋಗಿದೆ, ಊರಿನಲ್ಲಿರುವುದು ಪ್ರತಿಕೃತಿ. ಅದರ ಮುಂದೆ ನಿಂತು ಮಕ್ಕಳು ಕೇಳುತ್ತಿದ್ದ ಪ್ರಶ್ನೆ ಯಾವಾಗಲೂ ಒಂದೇ: “ಇಷ್ಟೇ ಸಾಲಾ ಟೀಚರ್?” ಇಷ್ಟೇ ಸಾಲು. ಕಲ್ಲಿನಲ್ಲಿ ಜಾಗ ಕಡಿಮೆ, ಆದ್ದರಿಂದ ಯಾರ ಹೆಸರು, ಯಾವ ಕ್ರಿಯಾಪದ ಎಂಬುದೇ ಎಲ್ಲ.

ತೋಟದ ಮಾಲೀಕರ ಕುಟುಂಬ ಸ್ವಾತಂತ್ರ್ಯದ ನಂತರ, ದೊರೆಗಳು ಒಬ್ಬೊಬ್ಬರೇ ಮಾರಿ ಹೊರಟಾಗ ಇದನ್ನು ಕೊಂಡದ್ದು. ಒಳ್ಳೆಯ ಜನ. ಅವರಿಗೆ ‘ಬ್ರಿಟಿಷ್ ಪರಂಪರೆ’ ಎಂಬ ಮಾತು ಕಲ್ಲಿನ ಮೇಲೆ ಬೇಕಿತ್ತು, ಕೆಳಗೆ ಹೋಮ್‌ಸ್ಟೇಗೆ ಒಂದು ಬಾಣದ ಗುರುತೂ ಬೇಕಿತ್ತು. ನಮ್ಮ ರಸ್ತೆಯಲ್ಲಿ ಈಗಾಗಲೇ ಮರಕ್ಕೊಂದು ಹೋಮ್‌ಸ್ಟೇ ಬೋರ್ಡು. ಬಾಣ ಹಾಕಿದರೆ ಇದು ಇನ್ನೊಂದು ಜಾಹೀರಾತಾಗುತ್ತದೆ, ಯಾರೂ ನಿಂತು ಓದುವುದಿಲ್ಲ ಎಂದೆ. ಮೂರು ಸಲ ಮನೆಗೆ ಹೋಗಿ ಮಾತಾಡಿದೆ. ಮೂರನೆಯ ಸಲ ಚೆಕ್‌ರೋಲ್ ತೆಗೆದುಕೊಂಡು ಹೋದೆ. ಮನೆಯ ಹಿರಿಯರು ಒಂದು ಗಂಟೆ ಪುಟ ತಿರುವಿದರು. ಬಾಣದ ಮಾತು ಮತ್ತೆ ಬರಲಿಲ್ಲ. ಬೇಲಿಯ ಒಳಗೆ ಅವರ ಜಾಗದಲ್ಲೇ, ರಸ್ತೆಗೆ ಮುಖ ಮಾಡಿ ಕಲ್ಲು ನಿಲ್ಲಿಸಲು ಬರೆದುಕೊಟ್ಟರು.

ಅದರಿಂದ ದೊಡ್ಡ ತೊಡಕು ತಪ್ಪಿತು. ರಸ್ತೆಯ ಅಂಚಿನಲ್ಲೇ ಹಾಕುವುದಾದರೆ ಅನುಮತಿ ಬೇಕು. ಆ ಅರ್ಜಿ ಒಂದು ಕಚೇರಿಯಲ್ಲಿ ಏಳು ತಿಂಗಳು ಕೂತು ಕೊನೆಗೆ ಕಳೆದೇ ಹೋಗಿತ್ತು. ಎರಡನೆಯ ಸಲ ಕೊಟ್ಟಾಗ ಒಬ್ಬ ಯುವ ಇಂಜಿನಿಯರ್ ಸ್ಥಳಕ್ಕೆ ಬಂದು ನೋಡಿ, ತಿರುವಿನಲ್ಲಿ ಡ್ರೈವರಿಗೆ ಎದುರಿನ ಗಾಡಿ ಮರೆಯಾಗಬಾರದು, ಮುಂದೆ ಮತ್ತೆ ರಸ್ತೆ ಅಗಲವಾದರೆ ಈ ಕಲ್ಲೂ ಆ ಕಂಬಗಳ ದಾರಿ ಹಿಡಿಯುತ್ತದೆ, ಖಾಸಗಿ ಜಾಗ ಸಿಕ್ಕಿದರೆ ಅದೇ ಕ್ಷೇಮ ಎಂದು ಬುದ್ಧಿ ಹೇಳಿದರು. ಇಂಥ ಕೆಲಸಕ್ಕೆ ಇಳಿಯುವವರಿಗೆ ನಾನೂ ಅದನ್ನೇ ಹೇಳುತ್ತೇನೆ. ಪಂಚಾಯಿತಿಯ ಠರಾವು, ಜಾಗದವರ ಒಪ್ಪಿಗೆ ಪತ್ರ, ಕಲ್ಲಿನ ಬರಹದ ಸಹಿ ಮಾಡಿದ ಪ್ರತಿ, ಈ ಮೂರನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ತಗಡಿನ ಬೋರ್ಡು ಅಗ್ಗ ಎಂದು ಕೆಲವರು ಹೇಳಿದರು. ನಮ್ಮ ಮಳೆಗೆ ತಗಡು ತಡೆಯುವುದು ಎರಡು ಮಳೆಗಾಲ, ಮೂರನೆಯದಕ್ಕೆ ತುಕ್ಕು. ಗ್ರಾನೈಟ್ ಚಪ್ಪಡಿಯೇ ಆಗಲಿ ಎಂದು ನಿರ್ಧರಿಸಿದೆವು. ಏಳು ಅಡಿ ಕಲ್ಲು, ಎರಡು ಅಡಿ ನೆಲದೊಳಗೆ. ಅಕ್ಷರ ಕೆತ್ತುವವರು ದುಡ್ಡು ತೆಗೆದುಕೊಳ್ಳುವುದು ಅಕ್ಷರದ ಲೆಕ್ಕದಲ್ಲಿ. ಒತ್ತಕ್ಷರವನ್ನು ಒಂದೆಂದು ಎಣಿಸಬೇಕೋ ಎರಡೋ ಎಂದು ಸ್ವಲ್ಪ ಚರ್ಚೆಯಾಯಿತು. ‘ಟ್ಟ’ಕ್ಕೆ ಉಳಿ ಎರಡು ಸಲ ಕೂರಬೇಕು ಎಂದರು. ಅದು ನ್ಯಾಯ ಎನ್ನಿಸಿ ಎರಡೆಂದೇ ಲೆಕ್ಕ ಕೊಟ್ಟೆವು.

ಅವರ ಕೆಲಸ ನೋಡಲು ದಿನಾ ಹೋಗುತ್ತಿದ್ದೆ. ಕಂಪ್ಯೂಟರಿನಲ್ಲಿ ಟೈಪ್ ಮಾಡಿಸಿದ ಹಾಳೆಯನ್ನು ಕಲ್ಲಿಗೆ ಅಂಟಿಸುತ್ತಾರೆ, ಅದರ ಮೇಲೇ ಉಳಿ ಇಡುತ್ತಾರೆ. ಎರಡು ದಿನ ಜ್ವರ ಬಂದು ನಾನು ಹೋಗಲಾಗಲಿಲ್ಲ. ಮೂರನೆಯ ದಿನ ಹೋದಾಗ ಅರ್ಧ ಕಲ್ಲು ಮುಗಿದಿತ್ತು. ‘ತೋಟ ನಡೆಸಿದವರು ಇಂಗ್ಲಿಷ್ ದೊರೆಗಳು’ ಎಂದು ಅಚ್ಚುಕಟ್ಟಾಗಿ ಕೆತ್ತಿದ್ದರು. ನಾನು ಬರೆದುಕೊಟ್ಟದ್ದು ‘ನೆಡಿಸಿದವರು’. ಟೈಪ್ ಮಾಡಿದ ಹುಡುಗಿ ಅಂಥ ಪದ ಕೇಳಿರಲಿಲ್ಲ, ನನ್ನ ಕೈತಪ್ಪೆಂದು ತಿಳಿದು ತಿದ್ದಿದ್ದಳು. ಅವಳ ಮೇಲೆ ಸಿಟ್ಟಾಗಲು ಮನಸ್ಸು ಬರಲಿಲ್ಲ. ನೆಡುವ ಕೆಲಸ ಕಾಣದವರ ಬಾಯಲ್ಲಿ ನೆಡಿಸು ಎಂಬ ಪದ ಎಲ್ಲಿಂದ ಬರಬೇಕು? ಆದರೆ ಎರಡು ವರ್ಷದ ಜಗಳವೆಲ್ಲ ಆ ಒಂದು ಪದಕ್ಕಾಗಿ. ಬಿಡಲಾಗಲಿಲ್ಲ. ಹೊಸ ಕಲ್ಲಿಗೆ ದುಡ್ಡಿರಲಿಲ್ಲ. ಕೆತ್ತುವವರೇ ದಾರಿ ಹೇಳಿದರು: ಕಲ್ಲನ್ನು ಮಗುಚಿ ಆಚೆ ಮೈಯಲ್ಲಿ ಹೊಸದಾಗಿ ಕೆತ್ತುವುದು. ಆ ಕೆಲಸಕ್ಕೆ ಅವರು ಅರ್ಧ ಕೂಲಿ ಮಾತ್ರ ತೆಗೆದುಕೊಂಡರು.

ಕಲ್ಲು ನಿಂತದ್ದು ಮಾರ್ಚಿಯಲ್ಲಿ, ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾಗಿದ್ದ ವಾರ. ಅದರ ಮೇಲೆ ಹೀಗಿದೆ:

‘ಇಲ್ಲಿಂದ ಹಳ್ಳದವರೆಗಿನ ಕಾಫಿ ತೋಟ ಬ್ರಿಟಿಷರ ಕಾಲದ್ದು. ಪಲ್ಪರ್ ಮನೆಯ ಬಾಗಿಲ ಮೇಲೆ 1868 ಎಂದು ಕೆತ್ತಿದೆ. ತೋಟ ನೆಡಿಸಿದವರು ಇಂಗ್ಲಿಷ್ ದೊರೆಗಳು. ಕಾಡು ಕಡಿದು ಗುಂಡಿ ತೆಗೆದು ಗಿಡ ನೆಟ್ಟವರು ಈ ಸೀಮೆಯವರು ಮತ್ತು ಚಾರ್ಮಾಡಿ ಘಟ್ಟ ಹತ್ತಿ ಬಂದವರು. ಮೊದಲು ನೆಟ್ಟವರ ಹೆಸರು ಸಿಕ್ಕಿಲ್ಲ. ಸಿಕ್ಕಿರುವ ಹಳೆಯ ಹಾಜರಿ ಪುಸ್ತಕ 1931ರದ್ದು. ಅದರಲ್ಲಿ 214 ಹೆಸರುಗಳಿವೆ. ದೊರೆಯ ಮಗುವಿನ ಸಮಾಧಿ ಬಂಗಲೆಯ ಹಿಂದಿದೆ. ಕೆಲಸದವರ ಸಮಾಧಿಗಳು ಹಳ್ಳದ ಆಚೆ ಇವೆ. ಅಲ್ಲಿ ಕಲ್ಲುಗಳಿಲ್ಲ.’

ಹೇಳಲಾಗದೆ ಬಿಟ್ಟದ್ದು ಬಹಳ. ಮೊದಲ ಗಿಡಗಳು ಚಿಕ್ ಎಂಬ ಹಳೆಯ ತಳಿಯವು, ಕಾಂಡಕೊರಕ ಮತ್ತು ಎಲೆತುಕ್ಕು ರೋಗಕ್ಕೆ ಸಿಕ್ಕಿ ಅವು ಸತ್ತಾಗ ಮತ್ತೊಮ್ಮೆ ಇಡೀ ಗುಡ್ಡದಲ್ಲಿ ಕೂರ್ಗ್ ತಳಿ ನೆಟ್ಟದ್ದು, ಅಂದರೆ ಅದೇ ಜನ ಅದೇ ಇಳಿಜಾರಿನಲ್ಲಿ ಎರಡೆರಡು ಸಲ ಗುಂಡಿ ತೆಗೆದದ್ದು, ಇದಕ್ಕೆ ಜಾಗ ಸಾಲಲಿಲ್ಲ. ಎತ್ತಿನ ಬೆನ್ನ ಮೇಲೆ ಕಾಫಿ ಘಟ್ಟ ಇಳಿದು ಮಂಗಳೂರಿಗೆ ಹೋಗುತ್ತಿದ್ದದ್ದಕ್ಕೂ ಇಲ್ಲ. ಅದನ್ನೆಲ್ಲ ಬರೆದು ಶಾಲೆಯ ಗ್ರಂಥಾಲಯಕ್ಕೆ ಕೊಟ್ಟಿದ್ದೇನೆ. ಚೆಕ್‌ರೋಲಿನ ಪ್ರತಿ ಪುಟದ ಫೋಟೋ ಕೂಡ ಅಲ್ಲಿದೆ.

ಕಲ್ಲು ನಿಂತ ಮೂರನೆಯ ದಿನ ಬೆಳಗ್ಗೆ ಏಳೂವರೆಗೆ ನಾನು ಅಲ್ಲಿದ್ದೆ. ಹೆಂಗಸರು ಕೆಲಸಕ್ಕೆ ಹೋಗುವ ಹೊತ್ತು. ಅವರ ದಾರಿ ಬೇಲಿಯ ಒಳಗಿನದು, ರಸ್ತೆಯದಲ್ಲ. ಅವರಿಗೆ ಕಾಣುವುದು ಕಲ್ಲಿನ ಬೆನ್ನು, ಅದರಲ್ಲಿ ಅರ್ಧಕ್ಕೆ ನಿಂತ ತಪ್ಪು ಸಾಲುಗಳು. ಇಬ್ಬರು ನಿಂತು ಓದಿದರು. ಒಬ್ಬಾಕೆ ನನ್ನ ಕಡೆ ತಿರುಗಿ, “ನಮ್ಮ ಕಡೆಗೆ ಯಾಕೆ ಪೂರ್ತಿ ಬರೆಸಿಲ್ಲ ಟೀಚರ್?” ಎಂದು ಕೇಳಿದಳು.

ಅಂದು ಮಧ್ಯಾಹ್ನವೇ ಕೆತ್ತುವವರಿಗೆ ಫೋನ್ ಮಾಡಿದೆ. ಅರ್ಧ ಇಂಚು ಮೈ ತೆಗೆದರೆ ಹಳೆಯ ಅಕ್ಷರ ಹೋಗುತ್ತದೆ, ಕಲ್ಲು ನಿಂತ ಹಾಗೇ ಮಾಡಬಹುದು ಎಂದರು. ಏನು ಬರೆಯುವುದು ಎಂದು ಲೈನಿನಲ್ಲಿ ಕೂತು ಮಾತಾಡಿದೆವು. 214 ಹೆಸರಿಗೆ ಜಾಗವಿಲ್ಲ. ಹಿರಿಯಜ್ಜಿ ಹೇಳಿದರು, “ಏಳು ಬರೆಸು ಮಗಾ, ಎಲ್ಲರೂ ಅದರಲ್ಲಿ ಬರ್ತಾರೆ.”

ಮಳೆ ಹಿಡಿಯುವ ಮೊದಲು ಕೆಲಸ ಮುಗಿಯಿತು. ರಸ್ತೆಯಲ್ಲಿ ಹೋಗುವವರಿಗೆ ಅದು ಕಾಣುವುದಿಲ್ಲ. ತೋಟದ ಒಳಗಿನಿಂದ ಬಂದರೆ ಮೇಲಿನಿಂದ ಕೆಳಕ್ಕೆ ಒಂದೊಂದು ಸಾಲಿಗೆ ಒಂದೊಂದು: ಐತ ಐತೆ. ತೋಮ ತೋಮು. ಅಂಗಾರ ಅಂಗಾರೆ. ಬೂದ ಬೂದು. ಗುರುವ ಗುರುವು. ತುಕ್ರ ತುಕ್ರು. ತನಿಯ ತನಿಯಾರು. ಹೆಣ್ಣು ಹೆಸರುಗಳ ಕಾಗುಣಿತವನ್ನು ಹಿರಿಯಜ್ಜಿ ಬಾಯಲ್ಲಿ ಹೇಳಿ ಹೇಳಿ ಬರೆಸಿದರು, ನಾನು ಮತ್ತೆ ಓದಿ ಹೇಳಿದೆ, ಅವರು ಎರಡು ಕಡೆ ತಿದ್ದಿದರು.